ಕತ್ತಲ ದಾರಿಗೆ ಎರಡು ಚಕ್ರದ ಗಸ್ತು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳ ಸ್ವಭಾವವೇ ಬದಲಾಗುತ್ತದೆ. ಗ್ಯಾಂಗಿನವರು ಹಗಲಿಡೀ ಕಡಿದ ಕಬ್ಬು ಹೊತ್ತು ಮುಳುಗುವ ಹೊತ್ತಿಗೆ ಟ್ರ್ಯಾಕ್ಟರಿನ ಡಬ್ಬಿಗಳಿಗೆ, ಅಂದರೆ ಟ್ರೇಲರ್‌ಗಳಿಗೆ, ಏರುತ್ತದೆ. ಒಂದರ ಹಿಂದೆ ಒಂದು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ತಾಲ್ಲೂಕಿನ ಘಟಪ್ರಭಾ, ಹುಣಶ್ಯಾಳ ಪಿ.ಜಿ.ಯ ಸತೀಶ, ಬೆಲ್ಲದ ಬಾಗೇವಾಡಿಯ ವಿಶ್ವರಾಜ ಹೀಗೆ ಒಂದೊಂದು ಕಾರ್ಖಾನೆಯ ಕಡೆಗೆ ಹೊರಡುತ್ತವೆ. ಕಡಿದ ಕಬ್ಬು ಕಾಯುವುದಿಲ್ಲ. ತಾಸು ಕಳೆದಂತೆ ಒಣಗಿ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕರಗುತ್ತದೆ. ರೈತನಿಗೆ ಬೇಗ ತೂಕದ ಕಾಟಾ ಮುಟ್ಟಬೇಕು. ಬಾಡಿಗೆ ಟ್ರ್ಯಾಕ್ಟರಿನವನಿಗೆ ಬೆಳಗಾಗುವುದರೊಳಗೆ ಇನ್ನೊಂದು ಖೇಪು ಹೊಡೆಯಬೇಕು. ಹೀಗಾಗಿ ಈ ಸೀಮೆಯ ಅತಿ ಭಾರದ, ಅತಿ ನಿಧಾನದ ವಾಹನಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ರಸ್ತೆಗಿಳಿಯುವುದು ಕತ್ತಲಾದ ಮೇಲೆ. ಅದೇ ಹೊತ್ತಿಗೆ ಪೇಟೆಯ ಕೆಲಸ ಮುಗಿಸಿದ ಹುಡುಗರು, ಸಂತೆಯಿಂದ ತಿರುಗಿದವರು, ಮದುವೆ ಮನೆಯ ಊಟ ಮುಗಿಸಿದವರು ಬೈಕ್ ಹತ್ತಿ ಊರ ಕಡೆ ಹೊರಟಿರುತ್ತಾರೆ.

ಪೊಲೀಸ್ ಬೈಕ್ ಗಸ್ತಿನ ಮಾತು ಬಂದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಈ ಹೊತ್ತು. ಗಸ್ತು ಎಂದರೆ ಪೇಟೆಯ ಸರ್ಕಲ್‌ನಲ್ಲಿ ಹೆಲ್ಮೆಟ್ ಇಲ್ಲದವರನ್ನು ಹಿಡಿಯುವುದು ಎಂದು ಜನರೂ ಅಂದುಕೊಂಡಿದ್ದಾರೆ, ಕೆಲವು ಸಲ ಇಲಾಖೆಯೂ ಅಂದುಕೊಂಡಂತೆ ಕಾಣುತ್ತದೆ. ಹೆಲ್ಮೆಟ್ ದೊಡ್ಡ ವಿಷಯವೇ, ಅದಕ್ಕೂ ಬರುತ್ತೇನೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಪೊಲೀಸ್ ಬೈಕಿನ ನಿಜವಾದ ಕೆಲಸ ಇರುವುದು ಸಂಜೆ ಆರರಿಂದ ನಡುರಾತ್ರಿಯವರೆಗೆ, ಪೇಟೆಯಿಂದ ಹೊರಗೆ, ದೀಪವಿಲ್ಲದ ದಾರಿಗಳಲ್ಲಿ.

ಲೆಕ್ಕ ಹಾಕಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಹೆಚ್ಚೂಕಡಿಮೆ 17 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿತು ಅನ್ನಿ. ಅಷ್ಟರಲ್ಲೇ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 48 ಮೀಟರ್. ಸಾಧಾರಣ ಬೈಕಿನ ಡಿಮ್ ದೀಪದಲ್ಲಿ ಬಣ್ಣಗೆಟ್ಟ, ಧೂಳು ಹಿಡಿದ ಡಬ್ಬಿಯೊಂದು ಸರಿಯಾಗಿ ಕಾಣಿಸುವುದು 40 ಮೀಟರ್ ಆಸುಪಾಸಿನಲ್ಲಿ. ಅಂದರೆ ಸವಾರ ಕುಡಿದಿರಬೇಕಿಲ್ಲ, ಮೊಬೈಲ್ ನೋಡುತ್ತಿರಬೇಕಿಲ್ಲ. ಕಾನೂನು ಒಪ್ಪಿದ ವೇಗದಲ್ಲಿ, ಎಚ್ಚರದಿಂದ ಹೊರಟವನೂ ಆ ಡಬ್ಬಿಗೆ ಹೋಗಿ ಬಡಿಯುತ್ತಾನೆ. 80ರ ವೇಗವಾದರೆ ನಿಲ್ಲಲು 74 ಮೀಟರ್ ಬೇಕು, 40ರ ವೇಗವಾದರೆ 27 ಮೀಟರ್ ಸಾಕು. ಎದುರಿನಿಂದ ಲಾರಿಯೊಂದು ಹೈಬೀಮ್ ಹಾಕಿಕೊಂಡು ಬಂದರಂತೂ ಈ ಲೆಕ್ಕವೂ ಉಳಿಯುವುದಿಲ್ಲ. ಕಣ್ಣು ಕೋರೈಸಿ ಆ ಕ್ಷಣ ರಸ್ತೆಯೇ ಮಾಯವಾಗುತ್ತದೆ.

ಒಳ್ಳೆಯ ಕೆಂಪು ರಿಫ್ಲೆಕ್ಟರ್ ಅದೇ ಡಿಮ್ ದೀಪಕ್ಕೆ ನೂರು ಮೀಟರ್‌ಗೂ ಆಚೆಯಿಂದ ಹೊಳೆಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 104ನೇ ನಿಯಮ ಟ್ರೇಲರ್‌ಗಳ ಹಿಂಬದಿಗೂ ಅದನ್ನು ಕಡ್ಡಾಯ ಮಾಡಿದೆ. ಹಂಗಾಮಿನ ಆರಂಭದಲ್ಲಿ ಪೊಲೀಸರು ಕಾರ್ಖಾನೆಯ ಅಂಗಳಕ್ಕೆ ಹೋಗಿ ಡಬ್ಬಿಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದು, ಅದರ ಫೋಟೊ ಪತ್ರಿಕೆಯಲ್ಲಿ ಬರುವುದು ನಮ್ಮ ಕಡೆ ಕಂಡ ಪದ್ಧತಿ. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಪಟ್ಟಿ ಅಂಟಿಸುವುದು ಖಾಲಿ ಡಬ್ಬಿಗೆ. ಹೊಲದಲ್ಲಿ ಕಬ್ಬು ಹೇರಿದ ಮೇಲೆ ಅದರ ತುದಿಗಳು ಹಿಂದಕ್ಕೂ ಪಕ್ಕಕ್ಕೂ ಜೋತುಬಿದ್ದು ಆ ಪಟ್ಟಿಯನ್ನೇ ಮುಚ್ಚಿಬಿಡುತ್ತವೆ. ಉಳಿದಿದ್ದನ್ನು ಕೆಸರು, ಧೂಳು ಮುಚ್ಚುತ್ತದೆ. ಆದ್ದರಿಂದ ಅಂಗಳದಲ್ಲಿ ಅಂಟಿಸಿದ್ದು ರಸ್ತೆಯಲ್ಲಿ ಕಾಣುತ್ತಿದೆಯೇ ಎಂದು ನೋಡಲು ಯಾರಾದರೂ ರಸ್ತೆಯಲ್ಲೇ ಇರಬೇಕು, ಅದೂ ರಾತ್ರಿಯೇ ಇರಬೇಕು. ಹೇರಿಕೆ ಮುಗಿದ ಮೇಲೆ ಕಬ್ಬಿನ ಹೊರಗಡೆ ಇಳಿಬಿಡುವಂಥ ಹೊಳೆಯುವ ಬಟ್ಟೆಯ ಪಟ್ಟಿ ಇದಕ್ಕೆ ಸರಳ ಪರಿಹಾರ. ಗಸ್ತಿನ ಬೈಕಿನ ಪೆಟ್ಟಿಗೆಯಲ್ಲಿ ಅಂಥ ನಾಲ್ಕಾರು ಪಟ್ಟಿ, ಒಂದಿಷ್ಟು ಹಗ್ಗ ಇದ್ದರೆ, ಟ್ರ್ಯಾಕ್ಟರ್ ನಿಲ್ಲಿಸಿ ಅಲ್ಲೇ ಕಟ್ಟಿಸಿ ಕಳಿಸಬಹುದು. ಹಾಗೆಯೇ ಹಾಡಿನ ಅಬ್ಬರವನ್ನೂ ಇಳಿಸಬಹುದು. ಸೀಟಿನ ಪಕ್ಕಕ್ಕೆ ದೊಡ್ಡ ಸ್ಪೀಕರ್ ಕಟ್ಟಿಕೊಂಡವನಿಗೆ ಹಿಂದಿನವನ ಹಾರ್ನ್ ಎಲ್ಲಿ ಕೇಳಬೇಕು?

ಗಸ್ತು ಎಲ್ಲೆಲ್ಲಿ ಬೇಕು ಎಂದು ತಿಳಿಯಲು ಈ ಸೀಮೆಯ ರಸ್ತೆಗಳ ಜಾಲ ಗೊತ್ತಿರಬೇಕು. ಎಲ್ಲರ ಕಣ್ಣಿಗೆ ಬೀಳುವುದು ಹಳೆಯ ನಾಲ್ಕನೇ ನಂಬರಿನ, ಈಗ 48 ಎಂದು ಕರೆಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ. ಪುಣೆ, ಕೊಲ್ಹಾಪುರದಿಂದ ಬರುವ ಅದು ನಿಪ್ಪಾಣಿ ದಾಟಿ, ತವಂದಿ ಘಾಟ ಇಳಿದು, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಹತ್ತರಗಿ ಟೋಲ್, ಯಮಕನಮರಡಿ ಹಾದು ಬೆಳಗಾವಿಗೆ ಹೋಗುತ್ತದೆ. ಗೋವಾಕ್ಕೆ ಹೋಗುವವರು ಆಜರಾ, ಆಂಬೋಲಿಯ ದಾರಿ ಹಿಡಿಯುವುದೂ ಸಂಕೇಶ್ವರದಿಂದಲೇ. ಇಲ್ಲಿ ಹೆದ್ದಾರಿ ಪ್ರಾಧಿಕಾರದ ಗಸ್ತು ವಾಹನವಿದೆ, ಅದರ ಸಹಾಯವಾಣಿ 1033 ಇದೆ, ಪೊಲೀಸರ 112 ಇದೆ. ಹಲವು ಪಥದ ಇಂಥ ರಸ್ತೆಯಲ್ಲಿ ವೇಗ ಹಿಡಿಯುವುದು ಕ್ಯಾಮೆರಾದ, ಲೇಸರ್ ಸ್ಪೀಡ್ ಗನ್‌ನ ಕೆಲಸ. 120ರಲ್ಲಿ ಹೊರಟ ಕಾರಿನ ಬೆನ್ನಟ್ಟಲು ಪೇದೆಯನ್ನು ಬೈಕ್ ಮೇಲೆ ಕಳಿಸುವುದು ಅವನ ಜೀವದ ಜೊತೆ ಆಡಿದಂತೆ.

ಇನ್ನೊಂದು ಬಗೆಯದು ರಾಜ್ಯ ಹೆದ್ದಾರಿಗಳು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕ ಮೇಲಾಸಿ ಯರಗಟ್ಟಿಗೆ ಹೋಗುವುದೊಂದು. ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಬಂದು ಮೂಡಲಗಿ ಸೀಮೆ ಹಾದು ಮಹಾಲಿಂಗಪುರ, ಮುಧೋಳಕ್ಕೆ ಹೋಗುವುದು ಮತ್ತೊಂದು. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಹಗಲುರಾತ್ರಿ ಕೂತು ನಾಡಿಗೆಲ್ಲ ಹೆಸರಾದ ಗುರ್ಲಾಪುರ ಕ್ರಾಸ್ ಮೂಡಲಗಿಯ ಮಗ್ಗುಲಲ್ಲೇ ಇದೆ. ಈ ರಸ್ತೆಗಳಿಗೆ ಬಹುಪಾಲು ನಡುವೆ ವಿಭಜಕವಿಲ್ಲ, ದೀಪವಿಲ್ಲ. ಊರೊಳಗೇ ಹಾದು ಹೋಗುತ್ತವೆ. ಇವುಗಳಿಗೂ ಕೆಳಗೆ, ಲೆಕ್ಕಕ್ಕೇ ಸಿಗದಷ್ಟು ಸಣ್ಣ ದಾರಿಗಳಿವೆ: ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆಯ ಪಕ್ಕದ ದಾರಿ, ಹಿಡಕಲ್ ಜಲಾಶಯದ ಸುತ್ತಲಿನ ಊರುಗಳ ದಾರಿ, ಹೊಲದಿಂದ ಹೊಲಕ್ಕೆ ಚಕ್ಕಡಿ ಹೋಗಿ ಹೋಗಿ ಆದ ದಾರಿ. ಎರಡೂ ಮಗ್ಗುಲಿಗೆ ಆಳೆತ್ತರ ಮೀರಿ ಕಬ್ಬು ನಿಂತಾಗ ಹೊಲದ ದಾರಿಯಿಂದ ಟ್ರ್ಯಾಕ್ಟರಿನ ಮೂತಿ ಡಾಂಬರು ರಸ್ತೆಗೆ ಬಂದ ಮೇಲೇ ಕಾಣುವುದು.

ಸಾವು ಹೆದ್ದಾರಿಯಲ್ಲಷ್ಟೇ ಇದೆ ಎಂಬ ಭಾವನೆ ತಪ್ಪು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ದೇಶದಲ್ಲಿ ಆ ವರ್ಷ 1,68,491 ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 61,038 ಜನ ರಾಷ್ಟ್ರೀಯ ಹೆದ್ದಾರಿಗಳಲ್ಲಿ, 41,012 ಜನ ರಾಜ್ಯ ಹೆದ್ದಾರಿಗಳಲ್ಲಿ. ಮಿಕ್ಕ 66 ಸಾವಿರಕ್ಕೂ ಹೆಚ್ಚು ಸಾವು ಇತರ ರಸ್ತೆಗಳಲ್ಲಿ ಆಗಿವೆ. ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಡಿಕ್ಕಿಯ ಬಗೆಗಳಲ್ಲಿ ಎಲ್ಲಕ್ಕಿಂತ ಮುಂದಿರುವುದು ಹಿಂದಿನಿಂದ ಬಡಿಯುವುದು. ಕರ್ನಾಟಕದಲ್ಲಿ 2023ರಲ್ಲಿ ಸತ್ತವರು 12 ಸಾವಿರಕ್ಕೂ ಹೆಚ್ಚು, ಅಂದರೆ ದಿನಕ್ಕೆ ಸರಾಸರಿ 33 ಮಂದಿ. ಸಣ್ಣ ರಸ್ತೆ, ಬೈಕ್ ಸವಾರ, ಹಿಂದಿನಿಂದ ಡಿಕ್ಕಿ ಎಂಬ ಈ ಮೂರೂ ನಮ್ಮ ಕಬ್ಬಿನ ಸೀಮೆಯ ರಾತ್ರಿಗಳಲ್ಲಿ ಒಟ್ಟಿಗೇ ಸೇರುತ್ತವೆ.

ಇಂಥ ಕಡೆ ಕಾರಿಗಿಂತ ಬೈಕ್ ಗಸ್ತು ಏಕೆ ಮೇಲು? ಕಾಲುವೆಯ ದಾರಿಗೆ ಜೀಪು ಇಳಿದರೆ ತಿರುಗಿಸಲು ಜಾಗವಿಲ್ಲ ಎಂಬುದು ಒಂದು ಉತ್ತರ. ಒಂದು ಜೀಪಿನ ಖರ್ಚಿನಲ್ಲಿ ಹಲವು ಬೈಕುಗಳು ಓಡುತ್ತವೆ ಎಂಬುದೂ ನಿಜ. ಆದರೆ ದೊಡ್ಡ ಉತ್ತರ ರಾಜಸ್ಥಾನದಿಂದ ಸಿಕ್ಕಿದೆ. 2010–11ರ ಸುಮಾರಿಗೆ ಅಲ್ಲಿನ ಪೊಲೀಸರ ಜೊತೆ ಸೇರಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ, ಡೇನಿಯಲ್ ಕೆನಿಸ್ಟನ್ ಮತ್ತು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಒಂದು ಪ್ರಯೋಗ ನಡೆಸಿದರು. ಕುಡಿದು ಓಡಿಸುವವರನ್ನು ಹಿಡಿಯಲು ರಾತ್ರಿ ತಪಾಸಣೆ ಏರ್ಪಡಿಸಿದರು. ಕೆಲವು ಠಾಣೆಗಳ ಸರಹದ್ದಿನಲ್ಲಿ ತಪಾಸಣೆ ಯಾವಾಗಲೂ ಒಂದೇ ಜಾಗದಲ್ಲಿ, ಅದೂ ಅತ್ಯಂತ ಸೂಕ್ತವೆಂದು ಆರಿಸಿದ ಜಾಗದಲ್ಲಿ. ಬೇರೆ ಕೆಲವು ಕಡೆ ಮೂರು ಜಾಗಗಳ ನಡುವೆ ಬದಲಾಯಿಸುತ್ತ. ಜಾಗ ಬದಲಾಯಿಸಿದ ಕಡೆ ರಾತ್ರಿಯ ಅಪಘಾತಗಳು ಶೇ 17ರಷ್ಟು, ರಾತ್ರಿಯ ಸಾವುಗಳು ಶೇ 25ರಷ್ಟು ಇಳಿದವು. ಒಂದೇ ಕಡೆ ನಿಂತಲ್ಲಿ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ.

ಇದು ನಮ್ಮ ಜನಕ್ಕೆ ಹೊಸ ವಿಷಯವಲ್ಲ. ಪೊಲೀಸರು ಯಾವ ಕ್ರಾಸ್‌ನಲ್ಲಿ ನಿಂತಿದ್ದಾರೆ ಎಂಬುದು ಹತ್ತು ನಿಮಿಷದೊಳಗೆ ಊರ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಆಮೇಲೆ ಕುಡಿದವನು, ಮೂವರನ್ನು ಕೂರಿಸಿಕೊಂಡವನು, ಲೈಸೆನ್ಸ್ ಇಲ್ಲದವನು ಹೊಲದ ದಾರಿ ಹಿಡಿಯುತ್ತಾನೆ. ಅಪಾಯ ಅಲ್ಲಿಂದ ಇಲ್ಲಿಗೆ ಸರಿಯಿತೇ ಹೊರತು ಕಡಿಮೆಯಾಗಲಿಲ್ಲ. ಅದೇ ಇಬ್ಬರು ಪೇದೆಗಳು ಬೈಕಿನಲ್ಲಿ ಅರ್ಧ ತಾಸು ಘಟಪ್ರಭಾ ಸ್ಟೇಷನ್ ರಸ್ತೆ, ಮುಂದಿನ ಅರ್ಧ ತಾಸು ಕಾಲುವೆ ದಾರಿ, ಆಮೇಲೆ ಕಾರ್ಖಾನೆ ಕಡೆಯ ಕ್ರಾಸ್ ಎಂದು ಸುತ್ತಿದರೆ ವಾಟ್ಸ್‌ಆ್ಯಪ್ ಸುದ್ದಿ ಬರುವುದರೊಳಗೆ ಹಳತಾಗಿರುತ್ತದೆ. ಎಲ್ಲಿ ಬೇಕಾದರೂ ಎದುರಾಗಬಹುದು ಎಂಬ ಅನುಮಾನವೇ ಅಲ್ಲಿ ಕೆಲಸ ಮಾಡುವುದು. ರಾಜಸ್ಥಾನದಲ್ಲಿ ಇನ್ನೊಂದು ಅಂಶವೂ ಹೊರಬಿತ್ತು: ಠಾಣೆಯ ನಿತ್ಯದ ಸಿಬ್ಬಂದಿಗಿಂತ ಪೊಲೀಸ್ ಲೈನ್‌ನಿಂದ ಈ ಕೆಲಸಕ್ಕೆಂದೇ ಕಳಿಸಿದ ತಂಡಗಳು ಹೆಚ್ಚು ಶಿಸ್ತಿನಿಂದ ತಪಾಸಣೆ ನಡೆಸಿದವು. ಅಪಘಾತ ಗಸ್ತನ್ನು ಬಂದೋಬಸ್ತು, ಸಮನ್ಸ್, ಜಾತ್ರೆ, ಜಗಳ ಎಲ್ಲದರ ನಡುವೆ ಬಿಡುವಿದ್ದಾಗ ಮಾಡುವ ಕೆಲಸವಾಗಿಸಿದರೆ ಅದು ಆಗುವುದೇ ಇಲ್ಲ. ಸಂಕೇಶ್ವರ, ಯಮಕನಮರಡಿ, ಹುಕ್ಕೇರಿ, ಘಟಪ್ರಭಾ, ಮೂಡಲಗಿ, ಕುಲಗೋಡ, ಅಂಕಲಗಿ, ಗೋಕಾಕ ಠಾಣೆಗಳ ಸಿಬ್ಬಂದಿಯ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಎಂದು ಬಲ್ಲವರು ಇದನ್ನು ಒಪ್ಪುತ್ತಾರೆ.

ಪಂಜಾಬ್ ಸರ್ಕಾರ 2024ರ ಜನವರಿಯಲ್ಲಿ ‘ಸಡಕ್ ಸುರಖ್ಯಾ ಫೋರ್ಸ್’ ಎಂಬ ಪ್ರತ್ಯೇಕ ದಳವನ್ನೇ ಕಟ್ಟಿ 144 ವಾಹನಗಳನ್ನು ಹೆದ್ದಾರಿಗಳಿಗೆ ಇಳಿಸಿತು. ಅದರಿಂದ ಸಾವು ಬಹಳ ಇಳಿದಿದೆ ಎನ್ನುತ್ತದೆ ಆ ಸರ್ಕಾರ. ತಮಿಳುನಾಡಿನಲ್ಲಿ 2016ರಲ್ಲಿ 17,218 ಇದ್ದ ಸಾವು 2019ಕ್ಕೆ 10,525ಕ್ಕೆ ಬಂದಿತ್ತು. ಗಸ್ತು, ಆಂಬುಲೆನ್ಸ್, ಅಪಾಯದ ತಾಣಗಳ ದುರಸ್ತಿ ಎಲ್ಲವೂ ಕೂಡಿ ಆದ ಇಳಿಕೆ ಅದು. ನಮ್ಮಲ್ಲೂ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಹೊರಗಿಟ್ಟು, ಕ್ಯಾಮೆರಾ ಕೂರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆ ಉಪಾಯ ನಮ್ಮ ರಾಜ್ಯ ಹೆದ್ದಾರಿಗಳಿಗೆ ಹೊಂದುವುದಿಲ್ಲ. ಟ್ರ್ಯಾಕ್ಟರನ್ನು ಹೊರಗಿಟ್ಟರೆ ಗೋಕಾಕ ಸೀಮೆಯ ಬದುಕನ್ನೇ ಹೊರಗಿಟ್ಟಂತೆ. ಬೈಕ್, ಚಕ್ಕಡಿ, ಬಸ್ಸು, ಟ್ರ್ಯಾಕ್ಟರ್ ಎಲ್ಲ ಒಂದೇ ರಸ್ತೆಯಲ್ಲಿ ಹೋಗಲೇಬೇಕಾದ ಊರಿಗೆ ಬೇರೆಯದೇ ಗಸ್ತು ಬೇಕು.

ಈಗ ಹೆಲ್ಮೆಟ್. ಪೊಲೀಸರು ತಡೆದಾಗ ನಮ್ಮ ಕಡೆ ಸಿಗುವ ಉತ್ತರ ಒಂದೇ: “ಇಲ್ಲೇ ಹೊಲಕ್ಕ ಹೊಂಟೀನ್ರೀ ಸಾಹೇಬ್ರ.” ಹೇಳುವವನು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆ ಹೊಲದ ದಾರಿಯಲ್ಲೇ ಕಬ್ಬಿನ ಡಬ್ಬಿ ಎದುರಾಗುತ್ತದೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029. ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ನಮ್ಮ ರಾಜ್ಯ 2016ರ ಜನವರಿಯಲ್ಲೇ ಆದೇಶ ಮಾಡಿದೆ. ಹೆಲ್ಮೆಟ್ ತಲೆಯ ಪೆಟ್ಟನ್ನು ಶೇ 69ರಷ್ಟು, ಸಾವನ್ನು ಶೇ 42ರಷ್ಟು ತಗ್ಗಿಸುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಮಾತು. ಇಷ್ಟು ಗೊತ್ತಿದ್ದೂ ಜನ ಹಾಕಿಕೊಳ್ಳದಿರುವುದಕ್ಕೆ ದಂಡ ಕಡಿಮೆಯೆಂಬುದು ಕಾರಣವಲ್ಲ. ಸಿಕ್ಕಿಬೀಳುವುದು ಅಪರೂಪ, ಸಿಕ್ಕರೂ ಪೇಟೆಯಲ್ಲಿ ಮಾತ್ರ ಎಂಬ ಭರವಸೆ ಕಾರಣ. 2019ರ ಸೆಪ್ಟೆಂಬರಿನಲ್ಲಿ ಹೊಸ ಕಾಯ್ದೆಯಂತೆ ಸಾವಿರ ರೂಪಾಯಿಗೇರಿದ ಹೆಲ್ಮೆಟ್ ದಂಡವನ್ನು ಕೆಲವೇ ದಿನಗಳಲ್ಲಿ ಐನೂರಕ್ಕೆ ಇಳಿಸಲಾಯಿತು. ಅದಕ್ಕಿಂತ ನನಗೆ ಹೆಚ್ಚು ನೋವು ತಂದದ್ದು 2023ರ ಫೆಬ್ರುವರಿಯಲ್ಲೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲೂ ಬಾಕಿ ದಂಡಕ್ಕೆ ಕೊಟ್ಟ ಅರ್ಧ ರಿಯಾಯಿತಿ. ಖಜಾನೆಗೆ ಕೋಟಿಗಟ್ಟಲೆ ಹಣ ಬಂದದ್ದು ನಿಜ. ಆದರೆ ದಂಡ ಕಟ್ಟದೆ ಕಾದವನಿಗೆ ಲಾಭ, ಕೂಡಲೇ ಕಟ್ಟಿದವನಿಗೆ ನಷ್ಟ ಎಂಬ ಪಾಠವನ್ನು ಸರ್ಕಾರವೇ ಕಲಿಸಿತು. ರಸ್ತೆಯಲ್ಲಿ ನಿಂತು ರಸೀದಿ ಹರಿಯುವ ಪೊಲೀಸರ ಮಾತಿಗೆ ಆಮೇಲೆ ಯಾವ ತೂಕ?

ಕುಡಿದು ಓಡಿಸುವವರ ವಿಷಯದಲ್ಲಿ ಯಾವ ರಿಯಾಯಿತಿಯೂ ಇರಬಾರದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ತಪ್ಪಿಗೇ 10 ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಗನ ಕೈಗೆ ಬೈಕ್ ಕೊಟ್ಟ ತಂದೆಯೂ ಈ ಕಾಯ್ದೆಯಿಂದ ಹೊರಗಿಲ್ಲ: ಹದಿನೆಂಟು ತುಂಬದವನು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಸೆರೆ. ಕಾನೂನಿನಲ್ಲಿ ಬಲ ಸಾಕಷ್ಟಿದೆ. ಅದು ರಾತ್ರಿ ಒಂಬತ್ತಕ್ಕೆ ಊರ ಹೊರಗಿನ ಢಾಬಾದ ಎದುರು ಕಾಣಿಸಿಕೊಳ್ಳಬೇಕು. ದಂಡ ಹಾಕುವಾಗ ಎದೆಯ ಮೇಲೆ ಕ್ಯಾಮೆರಾ ಇದ್ದರೆ ಪೊಲೀಸರಿಗೂ ಸವಾರನಿಗೂ ಒಳ್ಳೆಯದು. 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮ ಸ್ಪೀಡ್ ಗನ್, ಸಿಸಿಟಿವಿಗಳ ಸಾಲಿನಲ್ಲಿ ಮೈಮೇಲೆ ಧರಿಸುವ ಕ್ಯಾಮೆರಾವನ್ನೂ ಒಪ್ಪಿದೆ. ರಸ್ತೆ ಬದಿಯ ಕತ್ತಲಲ್ಲಿ ನಡೆಯುವ ವ್ಯವಹಾರದ ಬಗ್ಗೆ ಜನರಿಗಿರುವ ಅನುಮಾನ ಕಳೆಯಲು ಬೇರೆ ದಾರಿ ನನಗೆ ತೋಚುವುದಿಲ್ಲ.

ಅಪಘಾತ ಆದ ಮೇಲೂ ಬೈಕ್ ಗಸ್ತಿಗೆ ಕೆಲಸವಿದೆ. ಗಾಯವಾದ ಮೊದಲ ಒಂದು ತಾಸನ್ನು ಕಾಯ್ದೆಯೇ ‘ಗೋಲ್ಡನ್ ಅವರ್’ ಎಂದು ಗುರುತಿಸಿದೆ. ಕರ್ನಾಟಕ ಸರ್ಕಾರ 2015ರಲ್ಲಿ ಬೈಕ್ ಆಂಬುಲೆನ್ಸ್ ತಂದದ್ದು ಇದೇ ಯೋಚನೆಯಿಂದ: ದೊಡ್ಡ ವಾಹನ ಬರುವ ಮೊದಲೇ ಒಬ್ಬ ತರಬೇತಿ ಪಡೆದವನು ಮುಟ್ಟಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆ ತುಂಬಿದ್ದಾಗ 108 ವಾಹನ ಸಿಕ್ಕಿಕೊಳ್ಳುತ್ತದೆ, ಬೈಕು ಸಂದಿಯಲ್ಲಿ ನುಸುಳುತ್ತದೆ. ರಕ್ತಸ್ರಾವ ತಡೆಯುವುದು, ಉಸಿರಿನ ದಾರಿ ಬಿಡಿಸುವುದು, ಕುತ್ತಿಗೆ ಅಲುಗಾಡದಂತೆ ಹಿಡಿಯುವುದು ಇಷ್ಟನ್ನು ಕಲಿತ ಪೇದೆ, ಪೆಟ್ಟಿಗೆಯಲ್ಲಿ ಬಿಗಿಯುವ ಬ್ಯಾಂಡೇಜ್ ಇದ್ದರೆ, ಒಂದು ಜೀವ ಉಳಿಸಬಲ್ಲ. ಬಿದ್ದವನನ್ನು ಕಾಯುತ್ತ, ಕೆಟ್ಟು ನಿಂತ ಡಬ್ಬಿಯ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಟಾರ್ಚ್ ಹಿಡಿದು ನಿಂತರೆ ಎರಡನೇ ಡಿಕ್ಕಿಯೂ ತಪ್ಪುತ್ತದೆ.

ದಾರಿಹೋಕರು ಗಾಯಾಳುವನ್ನು ಮುಟ್ಟಲು ಇಂದಿಗೂ ಹೆದರುತ್ತಾರೆ. ಠಾಣೆ, ಕೋರ್ಟು ಅಲೆಯಬೇಕಾದೀತು ಎಂಬ ಭಯ. ಕಾಯ್ದೆಯ 134ಎ ಕಲಂ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಬಂದಿದೆ. ಹಳ್ಳಿಯ ಚಹಾದಂಗಡಿಯ ಎದುರು ಬೈಕ್ ನಿಲ್ಲಿಸಿದ ಪೇದೆ ಇದನ್ನು ಐದು ನಿಮಿಷ ಹೇಳಿ ಹೋದರೆ ಅದು ನೂರು ಭಿತ್ತಿಪತ್ರಕ್ಕಿಂತ ಹೆಚ್ಚು ಜನರನ್ನು ಮುಟ್ಟುತ್ತದೆ, ಏಕೆಂದರೆ ಜನರ ಭಯ ಇರುವುದೇ ಆ ಖಾಕಿಯ ಬಗ್ಗೆ.

ಗಸ್ತಿನವರ ಜೀವದ ಮಾತನ್ನೂ ಆಡಲೇಬೇಕು. ಅವರು ಕಾಪಾಡಲು ಹೊರಟ ಬೈಕ್ ಸವಾರರಿಗಿರುವ ಅಪಾಯವೇ ಅವರಿಗೂ ಇದೆ, ಅದೂ ದಿನಾ ರಾತ್ರಿ. ಒಬ್ಬನನ್ನೇ ಕಳಿಸಬಾರದು. ಹೊಳೆಯುವ ಜಾಕೆಟ್, ಐಎಸ್‌ಐ ಗುರುತಿನ ಪೂರ್ತಿ ಮುಖದ ಹೆಲ್ಮೆಟ್, ಒಳ್ಳೆಯ ದೀಪ, ಸವೆಯದ ಟೈರು ಬೇಕು. ಹಳೆಯ ಬೈಕನ್ನೇ ಬಣ್ಣ ಬಳಿದು ಕೊಟ್ಟು, ಪೆಟ್ರೋಲಿಗೆ ಮಿತಿ ಹಾಕಿ, ಹನ್ನೆರಡು ತಾಸು ದುಡಿಸಿದರೆ ಅದನ್ನು ಗಸ್ತು ಎನ್ನಲಾಗದು. ಬೆನ್ನಟ್ಟುವುದಂತೂ ಬೇಡವೇ ಬೇಡ. ಹೆಲ್ಮೆಟ್ ಇಲ್ಲದ ಹುಡುಗನನ್ನು ಅಡ್ಡಗಟ್ಟಿ ಕೈ ಹಿಡಿದೆಳೆದು ಬೀಳಿಸುವುದಕ್ಕಿಂತ ಅವನ ನಂಬರ್ ಬರೆದುಕೊಂಡು ಮನೆಗೆ ನೋಟಿಸ್ ಕಳಿಸುವುದು ಸಾವಿರ ಪಾಲು ಮೇಲು.

ಗಸ್ತು ಕೆಲಸ ಮಾಡುತ್ತಿದೆಯೇ ಎಂದು ಅಳೆಯುವುದು ಹೇಗೆ? ಸದ್ಯ ಸುದ್ದಿಯಾಗುವುದು ಎಷ್ಟು ಕೇಸು, ಎಷ್ಟು ಲಕ್ಷ ದಂಡ ಎಂಬ ಲೆಕ್ಕ. ದಂಡದ ಮೊತ್ತವೇ ಅಳತೆಯಾದರೆ ಬೈಕುಗಳು ಹಗಲು ಹೊತ್ತು, ಜನ ಹೆಚ್ಚಿರುವ ಪೇಟೆಯಲ್ಲೇ ಸುತ್ತುತ್ತವೆ, ಏಕೆಂದರೆ ಕೇಸು ಅಲ್ಲಿ ಸುಲಭ. ಕಾಲುವೆಯ ದಾರಿಯಲ್ಲಿ ಮೂರು ತಾಸು ಸುತ್ತಿ ಹತ್ತು ಡಬ್ಬಿಗಳಿಗೆ ಪಟ್ಟಿ ಕಟ್ಟಿಸಿದವನ ಲೆಕ್ಕಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ. ಐನೂರು ಮೀಟರ್ ಅಂತರದೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಭಾರಿ ಗಾಯದ ಐದು ಅಪಘಾತ ಇಲ್ಲವೇ ಹತ್ತು ಸಾವು ಆದರೆ ಅದನ್ನು ಅಪಘಾತದ ತಾಣ, ಬ್ಲ್ಯಾಕ್ ಸ್ಪಾಟ್, ಎಂದು ಗುರುತಿಸುತ್ತಾರೆ. ಕಬ್ಬಿನ ಡಬ್ಬಿಗೆ ಬಡಿದು ಸಾಯುವವರು ಹೀಗೆ ಒಂದೆಡೆ ಗುಂಪಾಗಿ ಸಿಗುವುದಿಲ್ಲ. ಇಂದು ಒಂದು ಊರ ಹತ್ತಿರ, ವಾರದ ಮೇಲೆ ಹತ್ತು ಮೈಲಿ ಆಚೆ. ಹೀಗಾಗಿ ಆ ಸಾವುಗಳು ಬ್ಲ್ಯಾಕ್ ಸ್ಪಾಟ್ ಪಟ್ಟಿಯ ಕಣ್ಣಿಗೇ ಬೀಳುವುದಿಲ್ಲ. ತಾಣ ಹುಡುಕುವ ಬದಲು ಹೊತ್ತು ಹುಡುಕಬೇಕು: ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ, ಸಂಜೆ ಆರರಿಂದ ರಾತ್ರಿ ಹನ್ನೆರಡರವರೆಗೆ, ನಿಂತ ಅಥವಾ ನಿಧಾನವಾಗಿ ಹೋಗುತ್ತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ಬಡಿದ ಪ್ರಕರಣಗಳೆಷ್ಟು ಎಂದು ಠಾಣಾವಾರು ಬರೆದಿಡಬೇಕು. ಎಫ್‌ಐಆರ್‌ಗಳಲ್ಲಿ ಈ ಮಾಹಿತಿ ಇದ್ದೇ ಇರುತ್ತದೆ.

ಕಾರ್ಖಾನೆಗಳ ಪಾಲೂ ಇದೆ. ಪ್ರತಿ ಡಬ್ಬಿಯೂ ಗೇಟಿಗೆ ಬಂದೇ ಬರುತ್ತದೆ, ಕಾಟಾದ ಮೇಲೆ ನಿಂತೇ ನಿಲ್ಲುತ್ತದೆ. ಹಿಂದಿನ ಕೆಂಪು ದೀಪ ಉರಿಯದ, ಹೊಳೆಯುವ ಪಟ್ಟಿ ಕಾಣದ ಡಬ್ಬಿಗೆ ಅಲ್ಲೇ ಪಟ್ಟಿ ಕಟ್ಟಿ, ಅದರ ಹಣವನ್ನು ಸಾಗಾಣಿಕೆ ಬಿಲ್ಲಿನಲ್ಲಿ ಹಿಡಿದುಕೊಂಡರೆ ಎರಡು ವಾರದಲ್ಲಿ ಎಲ್ಲ ವಾಹನಗಳೂ ಸರಿಯಾಗುತ್ತವೆ. ರೈತನ ಕಬ್ಬನ್ನು ತಡೆದು ನಿಲ್ಲಿಸುವ ಅಗತ್ಯವಿಲ್ಲ. ಗೇಟಿನಲ್ಲಿ ಕಾರ್ಖಾನೆಯವರು, ಹೊಲದಿಂದ ಗೇಟಿನವರೆಗಿನ ದಾರಿಯಲ್ಲಿ ಬೈಕ್ ಗಸ್ತು ಎಂದು ಕೆಲಸ ಹಂಚಿಕೊಳ್ಳಲು ಹೊಸ ಕಾನೂನೇನೂ ಬೇಕಿಲ್ಲ. ಹಂಗಾಮಿಗೆ ಮುಂಚೆ ಜಿಲ್ಲಾಡಳಿತ ಕಾರ್ಖಾನೆಗಳ ಜೊತೆ ಸಭೆ ಕೂಡಿಸಿದಾಗ ದರ, ಬಾಕಿ, ತೂಕದ ಮಾತಿನ ಜೊತೆ ಇದನ್ನೂ ಸೇರಿಸಿ, ಯಾವ ಠಾಣೆಯ ಎಷ್ಟು ಬೈಕು ಯಾವ ದಾರಿಗೆ ಎಂದು ಅಲ್ಲೇ ಬರೆದುಕೊಂಡರೆ ಸಾಕು.